ಅಧ್ಯಾಪಕರಿಗೊಂದು ಚಿಕಿತ್ಸಾಲಯ

ಕಾಲೇಜಿನ ಒಂದು ಅವಧಿ ಅರ್ಧ ಕಳೆದಿದೆ. ನಲವತ್ತು ಐವತ್ತು ಮಂದಿ ವಿದ್ಯಾರ್ಥಿಗಳು ಕುಳಿತಿರುವ ಕೊಠಡಿಗೆ ಅಧ್ಯಾಪಕರು ಎಂದಿನಂತೆ ಬರುತ್ತಾರೆ. ಪಾಠವನ್ನೂ ಎಂದಿನಂತೆಯೇ ಆರಂಭಿಸುತ್ತಾರೆ. ಆದರೆ ಗಂಟೆ ಹೊಡೆಯಲು ಇನ್ನೂ ಅರ್ಧ ತಾಸು ಉಳಿದಿರುವಾಗಲೇ ಪುಸ್ತಕವನ್ನು ಮಡಿಸಿ, ಹಿಂದಿನ ಸಾಲಿನಲ್ಲಿ ಸದ್ದಿಲ್ಲದೆ ಕುಳಿತಿದ್ದ ಅಪರಿಚಿತರೊಬ್ಬರನ್ನು ಮುಂದಕ್ಕೆ ಕರೆಯುತ್ತಾರೆ. “ಇನ್ನು ಈ ತರಗತಿ ಇವರದು. ನನ್ನ ಪಾಠದ ವಿಷಯವಾಗಿ ನಿಮಗೆ ಅನ್ನಿಸಿದ್ದನ್ನು ಇವರಲ್ಲಿ ಸಂಕೋಚವಿಲ್ಲದೆ ಹೇಳಬಹುದು” ಎಂದು ನುಡಿದು ತಾವೇ ಹೊರಗೆ ನಡೆದುಬಿಡುತ್ತಾರೆ. ಬಾಗಿಲು ಮುಚ್ಚಿಕೊಳ್ಳುತ್ತದೆ.

ಒಳಗಿರುವವರಿಗೆ ಕ್ಷಣಕಾಲ ಬೆರಗು. ಬಳಿಕ ಒಬ್ಬರ ಮುಖವನ್ನೊಬ್ಬರು ನೋಡಿ ಮುಗುಳುನಗೆ. ಆಗಂತುಕರು ಅವರನ್ನು ನಾಲ್ಕೈದು ಮಂದಿಯ ಗುಂಪುಗಳಾಗಿ ಕೂರಿಸುತ್ತಾರೆ. ಅವರು ಕೇಳುವ ಪ್ರಶ್ನೆಗಳು ಮೂರೇ. ಈ ತರಗತಿಯಲ್ಲಿ ನಿಮ್ಮ ಕಲಿಕೆಗೆ ನೆರವಾಗುತ್ತಿರುವುದು ಯಾವುದು? ಬದಲಾಗಬೇಕಾದುದು ಯಾವುದು? ಆ ಬದಲಾವಣೆಯನ್ನು ಹೇಗೆ ತರಬಹುದು? ಹತ್ತು ನಿಮಿಷ ಗುಂಪಿನಲ್ಲಿ ಚರ್ಚೆ ನಡೆಯುತ್ತದೆ. ಅನಂತರ ಒಂದೊಂದು ಗುಂಪಿನಿಂದಲೂ ಒಬ್ಬರು ಎದ್ದು ಉತ್ತರ ಹೇಳುತ್ತಾರೆ. ಆಗಂತುಕರು ಅವನ್ನು ಹಲಗೆಯ ಮೇಲೆ ಬರೆಯುತ್ತ, ಇದು ಎಲ್ಲರ ಅಭಿಪ್ರಾಯವೋ ಒಬ್ಬಿಬ್ಬರದೋ ಎಂದು ಕೈ ಎತ್ತಿಸಿ ನೋಡುತ್ತಾರೆ. ಹೇಳಿದವರ ಹೆಸರನ್ನು ಮಾತ್ರ ಎಲ್ಲಿಯೂ ಗುರುತು ಮಾಡಿಕೊಳ್ಳುವುದಿಲ್ಲ.

ಇತ್ತ ಅಧ್ಯಾಪಕರು ತಮ್ಮ ಕೋಣೆಯಲ್ಲಿ ಒಬ್ಬರೇ ಕುಳಿತಿದ್ದಾರೆ. ಮೇಜಿನ ಮೇಲಿನ ಕಾಫಿ ಆರಿಹೋಗುತ್ತಿದೆ. ಎಷ್ಟೋ ವರ್ಷಗಳಿಂದ ಇತರರ ಉತ್ತರಪತ್ರಿಕೆಗಳಿಗೆ ಅಂಕ ಹಾಕುತ್ತ ಬಂದವರು ಇಂದು ತಮ್ಮ ಫಲಿತಾಂಶಕ್ಕಾಗಿ ಕಾಯುತ್ತಿದ್ದಾರೆ.

ಈ ಪದ್ಧತಿಯನ್ನು ರೂಪಿಸಿದವರು ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಜೀವಶಾಸ್ತ್ರದ ಅಧ್ಯಾಪಕರಾಗಿದ್ದ ಜೋಸೆಫ್ ಕ್ಲಾರ್ಕ್. 1970ರ ದಶಕದ ಕೊನೆಯ ವರ್ಷಗಳಲ್ಲಿ ಅಲ್ಲಿ ಆರಂಭವಾದ ಇದು ಆ ದೇಶದ ಅನೇಕ ಕಾಲೇಜುಗಳಿಗೆ ಹಬ್ಬಿತು. ಅಧ್ಯಾಪಕರು ಬಾಗಿಲು ಮುಚ್ಚಿ ಹೊರಗೆ ಹೋದ ಮೇಲೆ ಒಳಗೆ ಉಳಿಯುವ ಆ ಅಪರಿಚಿತರು ತನಿಖಾಧಿಕಾರಿಯಲ್ಲ. ಪ್ರಾಂಶುಪಾಲರು ಕಳುಹಿಸಿದ ಬೇಹಿನವರೂ ಅಲ್ಲ. ಅಧ್ಯಾಪಕರು ತಾವಾಗಿಯೇ ಬೇಡಿ ಕರೆಸಿಕೊಂಡ ಸಲಹೆಗಾರರು. ಆ ಕೊಠಡಿಯಲ್ಲಿ ಅವರು ಕೇಳಿದ ಮಾತು ಅಧ್ಯಾಪಕರೊಬ್ಬರ ಕಿವಿಗೆ ಮಾತ್ರ ಮುಟ್ಟುತ್ತದೆ. ಮೂರನೆಯವರಿಗೆ ಅದರ ಸುಳಿವೂ ಸಿಗುವುದಿಲ್ಲ.

ಕಲಿಯದೆ ಕಲಿಸುವ ವೃತ್ತಿ

ಕಾಲೇಜಿನ ಅಧ್ಯಾಪಕರಿಗೆ ಇಂತಹ ಸಹಾಯವೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಹೈಸ್ಕೂಲಿನಲ್ಲಿ ಪಾಠ ಹೇಳಬೇಕಾದವರು ಬಿ.ಎಡ್. ಮಾಡಿರಬೇಕು. ಮಕ್ಕಳ ಮುಂದೆ ನಿಂತು ಅಭ್ಯಾಸದ ಪಾಠಗಳನ್ನು ಹೇಳಿ, ಹಿರಿಯರಿಂದ ತಿದ್ದಿಸಿಕೊಂಡಿರಬೇಕು. ಕಾಲೇಜಿಗೆ ಈ ನಿಯಮವಿಲ್ಲ. ನಮ್ಮ ದೇಶದಲ್ಲಿ ಸ್ನಾತಕೋತ್ತರ ಪದವಿಯೊಡನೆ, 1989ರಲ್ಲಿ ಬಂದ ನೆಟ್ ಪರೀಕ್ಷೆಯಲ್ಲೋ ರಾಜ್ಯದ ಕೆ-ಸೆಟ್ ಪರೀಕ್ಷೆಯಲ್ಲೋ ತೇರ್ಗಡೆಯಾದವರು, ಇಲ್ಲವೆ ಪಿಎಚ್.ಡಿ. ಪಡೆದವರು ಅಧ್ಯಾಪಕರಾಗಬಹುದು. ನೆಟ್ ಪರೀಕ್ಷೆಯಲ್ಲಿ ಬೋಧನೆಯನ್ನು ಕುರಿತ ಪ್ರಶ್ನೆಗಳೂ ಇರುವುದುಂಟು. ಆದರೆ ಹಲಗೆಯ ಮುಂದೆ ನಿಂತು ಹತ್ತು ನಿಮಿಷ ಪಾಠ ಹೇಳಿ ತೋರಿಸಬೇಕೆಂದು ಅದು ಕೇಳುವುದಿಲ್ಲ. ಅಮೆರಿಕದಲ್ಲಿಯೂ ಸ್ಥಿತಿ ಬಹಳ ಬೇರೆಯಾಗಿರಲಿಲ್ಲ. ಪಿಎಚ್.ಡಿ. ಎಂಬುದು ಸಂಶೋಧನೆಯ ಪದವಿ. ಒಂದು ಕೀಟದ ರೆಕ್ಕೆಯ ಬಗ್ಗೆಯೋ ಒಂದು ಸಮೀಕರಣದ ಬಗ್ಗೆಯೋ ಐದಾರು ವರ್ಷ ಏಕಾಂತದಲ್ಲಿ ದುಡಿದ ಯುವಕನನ್ನು, ಒಂದು ಬೆಳಗ್ಗೆ ಇನ್ನೂರು ಮಂದಿಯ ಮುಂದೆ ತಂದು ನಿಲ್ಲಿಸಿ “ಕಲಿಸು” ಎನ್ನುತ್ತಿದ್ದರು.

ಆತನಿಗೆ ಗೊತ್ತಿರುವ ದಾರಿ ಒಂದೇ: ತನ್ನ ಗುರುಗಳು ತನಗೆ ಹೇಗೆ ಹೇಳಿಕೊಟ್ಟರೋ ಹಾಗೆಯೇ ಹೇಳಿಕೊಡುವುದು. ಗುರುಗಳು ನುರಿತವರಾಗಿದ್ದರೆ ಅವರ ಗುಣ ಬರುತ್ತದೆ; ಹಳದಿಗಟ್ಟಿದ ಟಿಪ್ಪಣಿಯನ್ನು ಓದಿ ಬರೆಸುವವರಾಗಿದ್ದರೆ ಆ ಅಭ್ಯಾಸವೂ ಬರುತ್ತದೆ. ಶಸ್ತ್ರಚಿಕಿತ್ಸೆ ಮಾಡುವ ವೈದ್ಯರ ಪಕ್ಕದಲ್ಲಿ ಸಹೋದ್ಯೋಗಿಗಳು ನಿಂತಿರುತ್ತಾರೆ. ವಕೀಲರ ವಾದವನ್ನು ಇತರ ವಕೀಲರು ಕೇಳುತ್ತಾರೆ. ಕಾಲೇಜಿನ ಅಧ್ಯಾಪಕರಾದರೋ ಮೂವತ್ತು ವರ್ಷ ಸೇವೆ ಸಲ್ಲಿಸಿ ನಿವೃತ್ತರಾಗುವವರೆಗೂ ತಮ್ಮ ಸಮಾನರಲ್ಲಿ ಒಬ್ಬರೂ ತಮ್ಮ ಪಾಠವನ್ನು ಪೂರ್ತಿಯಾಗಿ ಕೇಳದೆ ಇರಬಹುದು. ಪಕ್ಕದ ಕೊಠಡಿಯಲ್ಲಿ ಏನು ನಡೆಯುತ್ತಿದೆ ಎಂದು ಇಣುಕುವುದು ಸಭ್ಯತೆಯಲ್ಲ ಎಂಬ ಭಾವನೆ ಎಲ್ಲೆಲ್ಲೂ ಬೇರೂರಿದೆ.

ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆಗೆ ತರಗತಿಗಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದ ಎರಿಕ್ ಮಜೂರ್ ಅವರ ಅನುಭವ ಪ್ರಸಿದ್ಧವಾಗಿದೆ. 1984ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದ ಅವರ ಪಾಠ ವಿದ್ಯಾರ್ಥಿಗಳಿಗೆ ಅಚ್ಚುಮೆಚ್ಚು. ಕಠಿಣವಾದ ಲೆಕ್ಕಗಳನ್ನೂ ಅವರ ಶಿಷ್ಯರು ಬಿಡಿಸುತ್ತಿದ್ದರು. ತಾನು ಒಳ್ಳೆಯ ಅಧ್ಯಾಪಕ ಎಂಬುದರಲ್ಲಿ ಅವರಿಗೆ ಸಂದೇಹವೇ ಇರಲಿಲ್ಲ. ಅರಿಜೋನ ರಾಜ್ಯ ವಿಶ್ವವಿದ್ಯಾನಿಲಯದ ಹೆಸ್ಟೆನೆಸ್ ಮತ್ತು ಅವರ ಸಂಗಡಿಗರು, ಬಲ ಮತ್ತು ಚಲನೆಯ ಬಗ್ಗೆ ಲೆಕ್ಕವೇ ಇಲ್ಲದ ಸರಳ ಪ್ರಶ್ನೆಗಳ ಒಂದು ಪರೀಕ್ಷೆಯನ್ನು ಸಿದ್ಧಪಡಿಸಿದ್ದರು. 1990ರ ಸುಮಾರಿಗೆ ಮಜೂರ್ ಅದನ್ನು ತಮ್ಮ ವಿದ್ಯಾರ್ಥಿಗಳಿಗೆ ಕೊಟ್ಟು ನೋಡಿದರು. ದೊಡ್ಡ ಲೆಕ್ಕಗಳನ್ನು ಬಿಡಿಸುತ್ತಿದ್ದವರಲ್ಲಿ ಅನೇಕರು ಈ ಸರಳ ಪ್ರಶ್ನೆಗಳ ಮುಂದೆ ಎಡವಿದರು. ಅವರು ಸೂತ್ರಗಳನ್ನು ಕಲಿತಿದ್ದರು. ವಿಷಯ ಮನಸ್ಸಿಗೆ ಇಳಿದಿರಲಿಲ್ಲ. ಅಂದಿನಿಂದ ಮಜೂರ್ ತಮ್ಮ ಬೋಧನೆಯ ಕ್ರಮವನ್ನೇ ಬದಲಿಸಿದರು. ಸ್ವಲ್ಪ ಹೊತ್ತು ಪಾಠ, ಬಳಿಕ ಒಂದು ಪ್ರಶ್ನೆ, ಅದರ ಬಗ್ಗೆ ನೆರೆಯ ವಿದ್ಯಾರ್ಥಿಯೊಡನೆ ವಾದ. ಇದು ಅವರ ಹೊಸ ಕ್ರಮ. ಮೆಚ್ಚುಗೆ ಪಡೆದ ಅಧ್ಯಾಪಕರಿಗೇ ತಮ್ಮ ತರಗತಿಯ ನಿಜಸ್ಥಿತಿ ತಿಳಿಯದೆ ಹೋಗಬಹುದಾದರೆ, ತಡವರಿಸುತ್ತಿರುವವರ ಪಾಡೇನು?

ಕನ್ನಡಿಯ ಮುಂದೆ

ಈ ಕೊರತೆಯನ್ನು ಮೊದಲು ಮನಗಂಡು ಅದಕ್ಕೆಂದೇ ಪ್ರತ್ಯೇಕ ಸಂಸ್ಥೆಯೊಂದನ್ನು ಕಟ್ಟಿದ ಕೀರ್ತಿ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಸಲ್ಲುತ್ತದೆ. ಆನ್ ಆರ್ಬರ್ ನಗರದಲ್ಲಿ 1962ರಲ್ಲಿ ಅದು ಕಲಿಕೆ ಮತ್ತು ಬೋಧನೆಯ ಸಂಶೋಧನಾ ಕೇಂದ್ರವನ್ನು ತೆರೆಯಿತು. ಅದೇ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ವಿಲ್ಬರ್ಟ್ ಮೆಕೀಚಿ, ಹೊಸ ಅಧ್ಯಾಪಕರು ಮೊದಲ ದಿನ ತರಗತಿಯಲ್ಲಿ ಏನು ಮಾಡಬೇಕು, ಪ್ರಶ್ನೆ ಕೇಳುವುದು ಹೇಗೆ, ಪರೀಕ್ಷೆಗೆ ಪ್ರಶ್ನೆಪತ್ರಿಕೆ ತೆಗೆಯುವುದು ಹೇಗೆ ಎಂಬಂತಹ ದಿನನಿತ್ಯದ ವಿಷಯಗಳನ್ನು ಕುರಿತು 1951ರಲ್ಲಿಯೇ ಒಂದು ಪುಸ್ತಕ ಬರೆದಿದ್ದರು. ಅದು ಮತ್ತೆ ಮತ್ತೆ ಪರಿಷ್ಕಾರಗೊಂಡು ಅಧ್ಯಾಪಕರ ಹಲವು ತಲೆಮಾರುಗಳಿಗೆ ಕೈಪಿಡಿಯಾಯಿತು.

ಪುಸ್ತಕ ದಾರಿ ತೋರಿಸಬಲ್ಲುದು. ನಡೆಯುವವನ ಕಾಲು ಎಲ್ಲಿ ಜಾರುತ್ತಿದೆ ಎಂದು ಹೇಳಲಾರದು. ಅದಕ್ಕೆ ಕನ್ನಡಿ ಬೇಕು. ಆ ಕನ್ನಡಿಯನ್ನು ಒದಗಿಸಿದುದು ವಿಡಿಯೋ ಯಂತ್ರ. 1963ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಡ್ವೈಟ್ ಆಲನ್ ಮತ್ತು ಅವರ ಸಂಗಡಿಗರು ಶಾಲಾ ಶಿಕ್ಷಕರ ತರಬೇತಿಗಾಗಿ ಹೊಸದೊಂದು ಕ್ರಮವನ್ನು ಬಳಕೆಗೆ ತಂದರು. ನಾಲ್ಕೈದು ಮಕ್ಕಳ ಮುಂದೆ ಐದು ನಿಮಿಷದ ಒಂದು ಪುಟ್ಟ ಪಾಠ, ಅದರ ಚಿತ್ರೀಕರಣ, ಶಿಕ್ಷಕನೂ ಮಾರ್ಗದರ್ಶಕರೂ ಜೊತೆಯಾಗಿ ಅದನ್ನು ನೋಡುವುದು, ತಪ್ಪು ತಿದ್ದಿಕೊಂಡು ಅದೇ ಪಾಠವನ್ನು ಬೇರೆ ಮಕ್ಕಳಿಗೆ ಇನ್ನೊಮ್ಮೆ ಹೇಳುವುದು. ನಮ್ಮಲ್ಲಿ ಬಿ.ಎಡ್. ಓದಿದವರೆಲ್ಲರಿಗೂ ಇದು ಚಿರಪರಿಚಿತ. ‘ಸೂಕ್ಷ್ಮ ಬೋಧನೆ’ ಅಥವಾ ಮೈಕ್ರೋ ಟೀಚಿಂಗ್ ಎಂದು ಅವರು ಅಭ್ಯಾಸ ಮಾಡಿದುದು ಇದನ್ನೇ.

ಆಲನ್ 1968ರಲ್ಲಿ ಆಮ್‌ಹರ್ಸ್ಟ್ ನಗರದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯಕ್ಕೆ ಶಿಕ್ಷಣ ವಿಭಾಗದ ಡೀನ್ ಆಗಿ ಹೋದರು. ಅದೇ ವಿಶ್ವವಿದ್ಯಾನಿಲಯದಲ್ಲಿ 1972ರಲ್ಲಿ, ಕೆಲಾಗ್ ಪ್ರತಿಷ್ಠಾನದ ಧನಸಹಾಯದಿಂದ, ಕಾಲೇಜು ಅಧ್ಯಾಪಕರಿಗಾಗಿಯೇ ಒಂದು ‘ಕ್ಲಿನಿಕ್’ ಆರಂಭವಾಯಿತು. ಹೆಸರೇ ಹೇಳುವಂತೆ, ಇದು ವಿಶ್ವವಿದ್ಯಾನಿಲಯದ ಬೋಧನೆಯನ್ನು ಉತ್ತಮಗೊಳಿಸುವ ಚಿಕಿತ್ಸಾಲಯ.

ನಾಡಿ ಹಿಡಿಯುವ ಬಗೆ

ಅಲ್ಲಿ ಚಿಕಿತ್ಸೆ ನಡೆಯುತ್ತಿದ್ದ ಬಗೆ ಕುತೂಹಲಕರವಾಗಿದೆ. ಮೊದಲು ಸಲಹೆಗಾರರು ಅಧ್ಯಾಪಕರೊಡನೆ ನಿಧಾನವಾಗಿ ಕುಳಿತು ಮಾತನಾಡುವರು. ಈ ತರಗತಿಯಿಂದ ನೀವು ಏನನ್ನು ಬಯಸುತ್ತೀರಿ? ನಿಮಗೆ ತೃಪ್ತಿ ತಂದಿರುವುದು ಯಾವುದು? ಕಳವಳ ಯಾವುದರ ಬಗ್ಗೆ? ಆಮೇಲೆ ತರಗತಿಯಲ್ಲಿ ಕುಳಿತು ಪಾಠವನ್ನು ಕೇಳುವರು, ಚಿತ್ರೀಕರಿಸಿಕೊಳ್ಳುವರು. ವಿದ್ಯಾರ್ಥಿಗಳಿಗೆ ಒಂದು ಪ್ರಶ್ನಾವಳಿಯನ್ನು ಕೊಡುವರು. ಅದೇ ಪ್ರಶ್ನಾವಳಿಯನ್ನು ಅಧ್ಯಾಪಕರಿಗೂ ಕೊಟ್ಟು, ನಿಮ್ಮ ಬಗ್ಗೆ ನೀವು ಏನೆಂದು ಉತ್ತರಿಸುತ್ತೀರಿ, ವಿದ್ಯಾರ್ಥಿಗಳು ಏನೆಂದು ಉತ್ತರಿಸಿರಬಹುದು ಎಂದು ಊಹಿಸಿ ಬರೆಯಿರಿ ಎನ್ನುವರು. ಕೊನೆಗೆ ಇವನ್ನೆಲ್ಲ ಪಕ್ಕಪಕ್ಕದಲ್ಲಿಟ್ಟು ಇಬ್ಬರೂ ಜೊತೆಯಾಗಿ ನೋಡುವರು.

ಆಗ ಅಧ್ಯಾಪಕರಿಗೆ ಎರಡು ಬಗೆಯ ಆಶ್ಚರ್ಯಗಳು ಕಾದಿರುತ್ತವೆ. ತಮ್ಮಲ್ಲಿ ದೊಡ್ಡ ದೋಷವೆಂದು ಅವರು ಕೊರಗುತ್ತಿದ್ದುದನ್ನು ವಿದ್ಯಾರ್ಥಿಗಳು ಗಮನಿಸಿಯೇ ಇರುವುದಿಲ್ಲ. ತಮ್ಮ ಹೆಗ್ಗಳಿಕೆ ಎಂದುಕೊಂಡದ್ದೇ ಅವರಿಗೆ ಕಿರಿಕಿರಿಯಾಗಿರುತ್ತದೆ. ನಡುನಡುವೆ ಹಾಸ್ಯ ಮಾಡಿ ತರಗತಿಯನ್ನು ನಗಿಸುತ್ತೇನೆ ಎಂದು ಒಬ್ಬರು ಹಿಗ್ಗುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಹಾಸ್ಯ ಯಾವುದು, ಬರೆದುಕೊಳ್ಳಬೇಕಾದ ಮಾತು ಯಾವುದು ಎಂದು ತಿಳಿಯುವುದಿಲ್ಲವೆಂಬುದು ಹುಡುಗರ ದೂರು.

ವಿಡಿಯೋ ನೋಡುವಾಗ ಮೊದಲ ಕೆಲವು ನಿಮಿಷ ಯಾರಿಗಾದರೂ ಕಷ್ಟವೇ. ನನ್ನ ದನಿ ಹೀಗಿದೆಯೇ? ಇಷ್ಟೊಂದು ಕೈ ಬೀಸುತ್ತೇನೆಯೇ? ಅನುಭವಿಗಳಾದ ಸಲಹೆಗಾರರು ಆ ಮುಜುಗರ ಕಳೆಯುವವರೆಗೆ ಸುಮ್ಮನಿದ್ದು, ಅನಂತರ ತೆರೆಯ ಮೇಲಿನ ವಿದ್ಯಾರ್ಥಿಗಳ ಕಡೆಗೆ ಅಧ್ಯಾಪಕರ ಗಮನವನ್ನು ಸೆಳೆಯುತ್ತಾರೆ. ಈ ವಾಕ್ಯ ಹೇಳಿದಾಗ ಲೇಖನಿಗಳು ಓಡಿದವು, ಇಲ್ಲಿ ನಿಂತವು. ಆ ಮೂಲೆಯ ಹುಡುಗಿ ಕೈ ಎತ್ತಲು ಹೋಗಿ ಇಳಿಸಿದಳು. ಆಗ ನೀವು ಹಲಗೆಯ ಕಡೆ ತಿರುಗಿದ್ದಿರಿ. ದೂಷಣೆಯಿಲ್ಲ, ಹೊಗಳಿಕೆಯೂ ಇಲ್ಲ. ಕಂಡದ್ದನ್ನು ಕಂಡಂತೆ ಹೇಳುವುದು.

ಇಂತಹ ಸಣ್ಣ ಸಂಗತಿಗಳ ಮಹತ್ತ್ವ ಎಷ್ಟೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. ಮೇರಿ ಬಡ್ ರೋ ಎಂಬ ಸಂಶೋಧಕಿ ಶಾಲೆಯ ವಿಜ್ಞಾನ ಪಾಠಗಳನ್ನು ಧ್ವನಿಮುದ್ರಿಸಿಕೊಂಡು, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯುತ್ತಾರೆ ಎಂದು ಅಳೆದರು. ಸಾಮಾನ್ಯವಾಗಿ ಒಂದು ಸೆಕೆಂಡು, ಅಷ್ಟೇ! ಅಷ್ಟರಲ್ಲಿ ಉತ್ತರ ಬಾರದಿದ್ದರೆ ಶಿಕ್ಷಕರು ಪ್ರಶ್ನೆಯನ್ನು ಬೇರೊಬ್ಬರತ್ತ ಎಸೆಯುತ್ತಿದ್ದರು, ಇಲ್ಲವೆ ಉತ್ತರವನ್ನು ತಾವೇ ಹೇಳಿಬಿಡುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಉದ್ದವಾದವು. ಬಾಯಿ ಬಿಡದಿದ್ದ ಮಕ್ಕಳೂ ಮಾತನಾಡತೊಡಗಿದರು. 1970ರ ದಶಕದಲ್ಲಿ ಪ್ರಕಟವಾದ ಈ ಸಂಶೋಧನೆ ಕಾಲೇಜು ಸಲಹೆಗಾರರ ಕೈಯಲ್ಲಿಯೂ ಒಂದು ಸುಲಭ ಮದ್ದಾಯಿತು. ತಾನು ಕಾಯುವುದಿಲ್ಲವೆಂದು ಯಾವ ಅಧ್ಯಾಪಕರೂ ಭಾವಿಸುವುದಿಲ್ಲ. ಗಡಿಯಾರ ಹಿಡಿದು ಹಿಂದಿನ ಬೆಂಚಿನಲ್ಲಿ ಕುಳಿತವರು ಹೇಳಿದಾಗ ಮಾತ್ರ ಅದು ತಿಳಿಯುತ್ತದೆ.

ಗುಟ್ಟು ಏಕೆ?

ಇಷ್ಟೆಲ್ಲ ಒಳ್ಳೆಯ ಕೆಲಸವನ್ನು ಗುಟ್ಟಾಗಿ ಮಾಡುವ ಅಗತ್ಯವೇನು? ಈ ಪ್ರಶ್ನೆಯ ಉತ್ತರದಲ್ಲಿಯೇ ಆ ಕೇಂದ್ರಗಳ ಜೀವಾಳ ಅಡಗಿದೆ.

ಅಮೆರಿಕದ ವಿಶ್ವವಿದ್ಯಾನಿಲಯದಲ್ಲಿ ಹೊಸದಾಗಿ ಸೇರಿದ ಅಧ್ಯಾಪಕರು ಕೆಲವು ವರ್ಷ ಪರೀಕ್ಷಾರ್ಥಿಗಳಾಗಿ ದುಡಿಯಬೇಕು. ಪ್ರಾಧ್ಯಾಪಕರ ಸಂಘ 1940ರಲ್ಲಿ ಪ್ರಕಟಿಸಿದ ತತ್ತ್ವಗಳ ಪ್ರಕಾರ ಈ ಅವಧಿ ಏಳು ವರ್ಷವನ್ನು ಮೀರಬಾರದು. ಆ ಗಡುವಿನೊಳಗೆ ಹಿರಿಯರು ಅವರ ಸಂಶೋಧನೆ, ಬೋಧನೆಗಳನ್ನು ತೂಗಿ ನೋಡುತ್ತಾರೆ. ಒಪ್ಪಿಗೆಯಾದರೆ ಕೆಲಸ ಕಾಯಂ. ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಹೆಂಡತಿ ಮಕ್ಕಳೊಡನೆ ಸಂಸಾರ ಹೂಡಿರುವ, ಮನೆಯ ಸಾಲದ ಕಂತು ಕಟ್ಟುತ್ತಿರುವ ಒಬ್ಬ ತರುಣ ಅಧ್ಯಾಪಕ, “ನನ್ನ ತರಗತಿ ನನ್ನ ಹಿಡಿತದಲ್ಲಿಲ್ಲ; ಹುಡುಗರು ನಿದ್ದೆ ಮಾಡುತ್ತಾರೆ; ಏನು ಮಾಡಲಿ?” ಎಂದು ಯಾರ ಮುಂದೆ ಹೇಳಿಯಾನು? ವಿಭಾಗದ ಮುಖ್ಯಸ್ಥರ ಮುಂದೆ ಹೇಳಿದರೆ ಅವರ ಮತವೇ ನಾಳೆ ಆತನ ಹಣೆಬರಹವನ್ನು ನಿರ್ಧರಿಸುತ್ತದೆ. ಆದಕಾರಣ ಆತ ಸುಮ್ಮನಿರುತ್ತಾನೆ. ಎಲ್ಲವೂ ಸರಿಯಾಗಿದೆಯೆಂದು ನಟಿಸುತ್ತಾನೆ. ರೋಗವನ್ನು ಮುಚ್ಚಿಟ್ಟ ರೋಗಿಯಂತೆ ಒಳಗೊಳಗೇ ಬಾಡುತ್ತಾನೆ. ಅದರ ಬೆಲೆಯನ್ನು ತೆರುವವರು ಆ ವರ್ಷ ಆತನ ಕೈಕೆಳಗೆ ಓದಿದ ಮಕ್ಕಳು.

ಸಂಗೀತದ ಗುರುಗಳು ಮನೆಯಲ್ಲಿ ಶಿಷ್ಯನ ಶ್ರುತಿಯನ್ನು ತಿದ್ದುವುದು ಒಂದು ಕೆಲಸ. ಸ್ಪರ್ಧೆಯಲ್ಲಿ ತೀರ್ಪುಗಾರರಾಗಿ ಅಂಕ ಹಾಕುವುದು ಮತ್ತೊಂದು. ತಿದ್ದುವವರ ಮುಂದೆ ಶಿಷ್ಯ ತನಗೆ ಬಾರದ ಸಂಗತಿಯನ್ನೇ ಮತ್ತೆ ಮತ್ತೆ ಹಾಡುತ್ತಾನೆ. ತೀರ್ಪುಗಾರರ ಮುಂದೆ ಬರುವುದನ್ನು ಮಾತ್ರ ಹಾಡುತ್ತಾನೆ. ಮೌಲ್ಯಮಾಪನದಲ್ಲಿ ಈ ಎರಡು ಬಗೆಗಳನ್ನು 1967ರಲ್ಲಿ ಬೇರೆ ಬೇರೆ ಹೆಸರಿಟ್ಟು ಗುರುತಿಸಿದವರು ಮೈಕೇಲ್ ಸ್ಕ್ರಿವೆನ್ ಎಂಬ ತತ್ತ್ವಶಾಸ್ತ್ರಜ್ಞರು. ಬೋಧನಾ ಕೇಂದ್ರಗಳು ಈ ಭೇದವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತವೆ. ತಿದ್ದುವವರು ತೀರ್ಪು ನೀಡುವುದಿಲ್ಲ. ತೀರ್ಪು ನೀಡುವವರಿಗೆ ತಿದ್ದಿದವರ ಕಡತ ದೊರೆಯುವುದಿಲ್ಲ.

ಈ ವೃತ್ತಿಯಲ್ಲಿ ತೊಡಗಿದವರು 1976ರಲ್ಲಿ ಪಿ.ಓ.ಡಿ. ಎಂಬ ಹೆಸರಿನ ಸಂಘವನ್ನು ಕಟ್ಟಿಕೊಂಡರು. ಕಾನೂನಿನ ಮಿತಿಯೊಳಗೆ, ಸಹಾಯ ಕೇಳಿ ಬಂದವರ ಗುಟ್ಟನ್ನು ಕಾಪಾಡಬೇಕೆಂಬುದು ಅದರ ನೀತಿಸಂಹಿತೆಯ ಮುಖ್ಯ ಅಂಶಗಳಲ್ಲೊಂದು. ಆಡಿದ ಮಾತಷ್ಟೇ ಅಲ್ಲ, ಬಂದಿದ್ದರು ಎಂಬ ಸಂಗತಿಯೂ ಗುಟ್ಟೇ. ಇಂಥವರು ನಿಮ್ಮಲ್ಲಿಗೆ ಬರುತ್ತಿದ್ದಾರೆಯೇ ಎಂದು ಡೀನ್ ವಿಚಾರಿಸಿದರೂ ಸಲಹೆಗಾರರು ನಯವಾಗಿ ನಿರಾಕರಿಸಬೇಕು. ವಿಡಿಯೋ ಅಧ್ಯಾಪಕರ ಸ್ವತ್ತು. ಅದನ್ನು ಯಾರಿಗೆ ತೋರಿಸಬೇಕು, ತೋರಿಸಬಾರದು ಎಂಬುದು ಅವರಿಗೆ ಬಿಟ್ಟದ್ದು.

ಮಕ್ಕಳ ಶುಲ್ಕ ಕಟ್ಟುವ ತಂದೆತಾಯಿಗಳು ಇಲ್ಲೊಂದು ಆಕ್ಷೇಪವನ್ನು ಎತ್ತಬಹುದು. ಪಾಠ ಹೇಳಲು ಬಾರದವರ ದೌರ್ಬಲ್ಯವನ್ನು ಹೀಗೆ ಮುಚ್ಚಿಡುವುದು ನ್ಯಾಯವೇ? ಆಕ್ಷೇಪ ತೂಕದ್ದೇ. ಆದರೆ ಇಲ್ಲಿ ಮುಚ್ಚಿರುವುದು ಚಿಕಿತ್ಸೆಯ ಕೋಣೆ ಮಾತ್ರ. ತೀರ್ಪಿನ ಕೋಣೆ ತನ್ನ ಪಾಡಿಗೆ ತೆರೆದೇ ಇದೆ. ವರ್ಷಾಂತ್ಯದ ವಿದ್ಯಾರ್ಥಿಗಳ ಅಭಿಪ್ರಾಯ, ಹಿರಿಯರ ವರದಿ, ಬಡ್ತಿಯ ಸಮಿತಿ ಇವೆಲ್ಲ ಎಂದಿನಂತೆ ನಡೆಯುತ್ತವೆ. ಚಿಕಿತ್ಸೆಯ ಕೋಣೆಯ ಬಾಗಿಲನ್ನೂ ತೆರೆದಿಟ್ಟರೆ ಅಲ್ಲಿಗೆ ರೋಗಿಯೇ ಬರುವುದಿಲ್ಲ.

ಮದ್ದು ನಾಟುವುದೇ?

ಫಲ ದೊರೆತಿದೆಯೇ ಎಂಬುದನ್ನೂ ನೋಡಬೇಕು. ಪೀಟರ್ ಕೋಹೆನ್ ಎಂಬ ಸಂಶೋಧಕರು ಅಲ್ಲಿಯವರೆಗೆ ನಡೆದಿದ್ದ 17 ಅಧ್ಯಯನಗಳನ್ನು ಒಟ್ಟುಗೂಡಿಸಿ 1980ರಲ್ಲಿ ತಮ್ಮ ವಿಶ್ಲೇಷಣೆಯನ್ನು ಪ್ರಕಟಿಸಿದರು. ಅವಧಿಯ ನಡುವೆ ವಿದ್ಯಾರ್ಥಿಗಳ ಅಭಿಪ್ರಾಯ ತಿಳಿಯದ ಅಧ್ಯಾಪಕರನ್ನು ಅವಧಿಯ ಕೊನೆಯಲ್ಲಿ ಸಾಲಾಗಿ ನಿಲ್ಲಿಸಿದರೆ, ಅವರಲ್ಲಿ ಸಾಧಾರಣ ಅಧ್ಯಾಪಕರದು ನೂರರಲ್ಲಿ 50ನೆಯ ಸ್ಥಾನ. ಅಭಿಪ್ರಾಯದ ಅಂಕಿಗಳನ್ನು ಅವಧಿಯ ನಡುವೆಯೇ ಕೈಗೆ ಕೊಟ್ಟರೆ ಅಂತಹವರೇ 65ನೆಯ ಸ್ಥಾನಕ್ಕೆ ಏರಿದ್ದರು. ಅಂಕಿಗಳನ್ನು ಕೊಡುವುದರ ಜೊತೆಗೆ ಸಲಹೆಗಾರರೊಬ್ಬರು ಕುಳಿತು ಅವುಗಳ ಅರ್ಥವನ್ನು ಚರ್ಚಿಸುವಂತಹ ನೆರವು ದೊರೆತಾಗ ಆ ಸ್ಥಾನ 74ಕ್ಕೆ ಮುಟ್ಟಿತ್ತು. ಬರಿಯ ಅಂಕಿಗಿಂತ ಮನುಷ್ಯನ ಮಾತು ಹೆಚ್ಚು ಕೆಲಸ ಮಾಡುತ್ತದೆ ಎಂಬುದು ಇದರ ಸಾರ.

ಹಾಗೆಂದು ಈ ಚಿಕಿತ್ಸೆಗೆ ಮಿತಿಗಳಿಲ್ಲವೆಂದಲ್ಲ. ಅಧ್ಯಾಪಕರು ತಾವಾಗಿ ಬರಬೇಕು, ಬಲವಂತಕ್ಕೆ ಅವಕಾಶವಿಲ್ಲ. ಆದುದರಿಂದ ಚೆನ್ನಾಗಿ ಪಾಠ ಹೇಳುವವರು ಇನ್ನೂ ಚೆನ್ನಾಗಿ ಹೇಳಬೇಕೆಂಬ ಹಂಬಲದಿಂದ ಬರುತ್ತಾರೆ. ನಿಜವಾಗಿ ಬರಬೇಕಾದವರು ಬರುವುದಿಲ್ಲ ಎಂಬುದು ಈ ಕ್ಷೇತ್ರದಲ್ಲಿ ಬಹಳ ದಿನಗಳಿಂದ ಕೇಳಿಬರುವ ಕೊರಗು. ಇನ್ನೊಂದು ತೊಡಕೂ ಉಂಟು. ಹಣ ಒದಗಿಸುವ ಆಡಳಿತದವರು ನಿಮ್ಮ ಸಾಧನೆಯನ್ನು ತೋರಿಸಿ ಎಂದಾಗ, ಗುಣವಾದವರ ಹೆಸರನ್ನು ಹೇಳುವ ಹಾಗಿಲ್ಲ. ಎಷ್ಟು ಮಂದಿ ಬಂದರು ಎಂಬ ಲೆಕ್ಕವನ್ನಷ್ಟೇ ಒಪ್ಪಿಸಿ ಸುಮ್ಮನಾಗಬೇಕು.

ಕನ್ನಡದ ಹುಡುಗರು, ಕನ್ನಡದ ಕಾಲೇಜುಗಳು

ಈ ವಿಷಯ ನಮ್ಮ ಕೆಲವು ಮನೆಗಳಿಗೆ ನೇರವಾಗಿ ಸಂಬಂಧಿಸಿದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಹೆಚ್ಚಿನ ವ್ಯಾಸಂಗಕ್ಕೆಂದು ಅಮೆರಿಕಕ್ಕೆ ಹೋದವರಲ್ಲಿ ಅನೇಕರು, ವಿದ್ಯಾರ್ಥಿಗಳಾಗಿರುವಾಗಲೇ ಟೀಚಿಂಗ್ ಅಸಿಸ್ಟೆಂಟ್ ಆಗಿ ಅಲ್ಲಿಯ ಹುಡುಗರಿಗೆ ಪಾಠ ಹೇಳುತ್ತಾರೆ. ಹೊಸ ನಾಡು, ಹೊಸ ಉಚ್ಚಾರಣೆ. ಅಧ್ಯಾಪಕರನ್ನು ಹೆಸರು ಹಿಡಿದು ಕರೆಯುವ, ಮಾತಿನ ನಡುವೆಯೇ ಪ್ರಶ್ನೆ ಹಾಕುವ ಶಿಷ್ಯರು. ನಾವು ಒಪ್ಪಿಗೆಯಿಂದ ತಲೆಯಾಡಿಸಿದರೆ ಅಲ್ಲವೆನ್ನುತ್ತಿದ್ದಾರೆಂದು ಅವರು ತಿಳಿಯುವುದೂ ಉಂಟು. ಹೊರದೇಶದ ಬೋಧಕರ ಇಂಗ್ಲಿಷ್ ತಿಳಿಯುವುದಿಲ್ಲವೆಂಬ ದೂರು ಹೆಚ್ಚಿ, 1980ರ ದಶಕದಲ್ಲಿ ಅಲ್ಲಿಯ ಹಲವು ರಾಜ್ಯಗಳು ಅದಕ್ಕೆಂದೇ ಕಾನೂನು ಮಾಡಿದವು. ಊರಿಗೆ ಫೋನ್ ಮಾಡಿದಾಗ “ಎಲ್ಲ ಚೆನ್ನಾಗಿದೆ, ಅಮ್ಮ” ಎನ್ನುವ ಹುಡುಗ, ತರಗತಿಯಲ್ಲಿ ತನಗಾದ ಅವಮಾನವನ್ನು ತಾಯಿಗೂ ಹೇಳಲಾರ. ಅಂಥವನಿಗೆ ಬಾಗಿಲು ಮುಚ್ಚಿದ ಆ ಪುಟ್ಟ ಕೋಣೆ ದೊಡ್ಡ ಆಸರೆ. ಉಚ್ಚಾರಣೆಯನ್ನು ಒಂದು ತಿಂಗಳಲ್ಲಿ ಬದಲಿಸುವುದು ಸಾಧ್ಯವಿಲ್ಲ. ಮುಖ್ಯ ಪದಗಳನ್ನು ಹಲಗೆಯ ಮೇಲೆ ಬರೆಯುವುದು, ಹಲಗೆಯೊಡನೆ ಮಾತನಾಡದೆ ತಿರುಗಿ ನಿಂತು ಮಾತನಾಡುವುದು, ವಾಕ್ಯದ ಕೊನೆಯಲ್ಲಿ ನಿಲ್ಲಿಸುವುದು ಒಂದು ವಾರದಲ್ಲಿ ಸಾಧ್ಯ.

ನಮ್ಮ ದೇಶದಲ್ಲಿಯೂ ಕಾಲೇಜು ಅಧ್ಯಾಪಕರ ತರಬೇತಿಯ ಚಿಂತನೆ ನಡೆದಿದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ವಿಶ್ವವಿದ್ಯಾನಿಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ತಲೆಯೆತ್ತಿದವು. ಮೈಸೂರು, ಬೆಂಗಳೂರುಗಳಲ್ಲಿಯೂ ಆರಂಭವಾದವು. ಮುಂದೆ ಅವು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳೆನಿಸಿಕೊಂಡವು; 2023ರಲ್ಲಿ ಮಾಳವೀಯರ ಹೆಸರಿನ ತರಬೇತಿ ಯೋಜನೆಯೊಳಕ್ಕೆ ಬಂದವು. ಅಲ್ಲಿ ಕೆಲವು ವಾರಗಳ ಶಿಬಿರಗಳು ನಡೆಯುತ್ತವೆ. ಅಧ್ಯಾಪಕರು ಹತ್ತಾರು ಮಂದಿ ಒಟ್ಟಿಗೆ ಕುಳಿತು ಉಪನ್ಯಾಸ ಕೇಳುತ್ತಾರೆ. ಪ್ರಮಾಣಪತ್ರ ಬಡ್ತಿಗೆ ನೆರವಾಗುತ್ತದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ, 1994ರಲ್ಲಿ ಸ್ಥಾಪಿತವಾದ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದಿಂದಾಗಿ ವಿದ್ಯಾರ್ಥಿಗಳ ಅಭಿಪ್ರಾಯ ಸಂಗ್ರಹಿಸುವ ನಮೂನೆಗಳೂ ಕಾಲೇಜುಗಳಿಗೆ ಪರಿಚಿತವಾದವು. ಇವೆಲ್ಲಕ್ಕೂ ಅವುಗಳದೇ ಆದ ಪ್ರಯೋಜನವಿದೆ. ಆದರೆ ಶಿಬಿರ ಹಲವರಿಗಾಗಿ, ನಮೂನೆ ಕಡತಕ್ಕಾಗಿ. ಒಬ್ಬ ಅಧ್ಯಾಪಕರ ಒಂದು ತರಗತಿಗೆ ಬಂದು ಕುಳಿತು, ಕಂಡದ್ದನ್ನು ಅವರ ಕಿವಿಯಲ್ಲಿ ಮಾತ್ರ ಹೇಳುವ ಕೆಲಸ ಇವೆರಡರಿಂದಲೂ ಬೇರೆ.

ಆ ಕೆಲಸಕ್ಕೆ ದೊಡ್ಡ ಕಟ್ಟಡ ಬೇಕಾಗಿಲ್ಲ. ಸರ್ಕಾರದ ಆದೇಶವೂ ಬೇಕಾಗಿಲ್ಲ. ಪರಸ್ಪರ ನಂಬಿಕೆಯಿರುವ ಇಬ್ಬರು ಸಹೋದ್ಯೋಗಿಗಳು ಒಬ್ಬರ ತರಗತಿಯಲ್ಲಿ ಮತ್ತೊಬ್ಬರು ಕುಳಿತುಕೊಳ್ಳಲು ಒಪ್ಪಿದರೆ ಸಾಕು. ಅವಧಿಯ ನಡುವೆ ಒಂದು ದಿನ ಕೊನೆಯ ಐದು ನಿಮಿಷದಲ್ಲಿ, ಹೆಸರು ಬರೆಯದ ಚೀಟಿಗಳಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ಬರೆಸಿಕೊಂಡು, ಅದನ್ನು ಆ ಗೆಳೆಯರೊಡನೆ ಓದಿದರೆ ಸಾಕು. ಓದಿದ ಮಾತು ಸ್ಟಾಫ್ ರೂಮಿನ ಹರಟೆಗೆ ಆಹಾರವಾಗಬಾರದು ಎಂಬುದೊಂದೇ ಕರಾರು. ಅದು ಮುರಿದ ದಿನ ಎರಡನೆಯ ಚೀಟಿ ಯಾರಿಗೂ ಬೇಡವಾಗುತ್ತದೆ.

ಮತ್ತೆ ಆ ತರಗತಿಗೆ

ಸಿಯಾಟಲಿನಲ್ಲಿ ಹುಟ್ಟಿದ ಆ ಪದ್ಧತಿಗೆ ಒಂದು ಕೊನೆಯ ಹಂತವುಂಟು. ಸಲಹೆಗಾರರು ಅಧ್ಯಾಪಕರನ್ನು ಏಕಾಂತದಲ್ಲಿ ಕಂಡು, ಮೊದಲು ವಿದ್ಯಾರ್ಥಿಗಳು ಮೆಚ್ಚಿದ್ದನ್ನೂ ಅನಂತರ ಬೇಡಿದ್ದನ್ನೂ ತಿಳಿಸುತ್ತಾರೆ. ಯಾವುದನ್ನು ಬದಲಿಸಬಹುದು, ಯಾವುದು ಸಾಧ್ಯವಿಲ್ಲ ಎಂದು ಇಬ್ಬರೂ ಆಲೋಚಿಸುತ್ತಾರೆ. ಮರುದಿನ ಅಧ್ಯಾಪಕರು ತರಗತಿಗೆ ಹೋಗಿ ಅದನ್ನು ವಿದ್ಯಾರ್ಥಿಗಳ ಮುಂದೆಯೇ ಹೇಳಬೇಕು.

ಆ ಮರುದಿನವನ್ನು ಊಹಿಸಿಕೊಳ್ಳಬಹುದು. ಅಧ್ಯಾಪಕರ ದನಿಯಲ್ಲಿ ತುಸು ಅಳುಕಿದೆ. “ನಾನು ಬಹಳ ವೇಗವಾಗಿ ಹೋಗುತ್ತೇನೆಂದು ಹೇಳಿದ್ದೀರಿ. ಇಂದಿನಿಂದ ನಿಧಾನ ಮಾಡುತ್ತೇನೆ. ಪ್ರಶ್ನೆ ಕೇಳಿ ನಾನೇ ಉತ್ತರ ಹೇಳಿಬಿಡುತ್ತೇನೆಂದೂ ಹೇಳಿದ್ದೀರಿ. ಅದು ನನಗೆ ತಿಳಿದೇ ಇರಲಿಲ್ಲ. ವಾರದ ಕಿರುಪರೀಕ್ಷೆಯನ್ನು ಮಾತ್ರ ತೆಗೆಯಲಾರೆ. ಅದೇಕೆಂದು ಹೇಳುತ್ತೇನೆ, ಕೇಳಿ.” ಹುಡುಗರು ನೆಟ್ಟಗೆ ಕುಳಿತುಕೊಳ್ಳುತ್ತಾರೆ. ತಮ್ಮ ಮಾತನ್ನು ಹಿರಿಯರೊಬ್ಬರು ಕೇಳಿದ್ದಾರೆ ಎಂಬ ಅನುಭವ ಅವರಿಗೂ ಹೊಸದು.

ಪಾಠ ಮುಂದುವರಿಯುತ್ತದೆ. ಅಧ್ಯಾಪಕರು ಒಂದು ಪ್ರಶ್ನೆ ಕೇಳುತ್ತಾರೆ. ಉತ್ತರವಿಲ್ಲ. ನಾಲಗೆಯ ತುದಿಗೆ ಬಂದ ಮಾತನ್ನು ತಡೆದುಕೊಂಡು ಅವರು ಸುಮ್ಮನೆ ನಿಲ್ಲುತ್ತಾರೆ. ಒಂದು ಸೆಕೆಂಡು, ಎರಡು, ಮೂರು. ಆ ಮೌನ ಅವರಿಗೆ ಮೂರು ನಿಮಿಷದಂತೆ ತೋರುತ್ತದೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ, ಇಡೀ ಅವಧಿಯಲ್ಲಿ ಒಮ್ಮೆಯೂ ಬಾಯಿ ತೆರೆಯದಿದ್ದ ಹುಡುಗಿಯೊಬ್ಬಳು ಕೈ ಎತ್ತುತ್ತಾಳೆ.